ಕಫದ ಡಬ್ಬಿ ಕಾಯ್ದ ಮೂರು ಗಂಟೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಯನಗರದ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಗಂಟಲ ದ್ರವ, ಕಫ, ಕೀವು, ಇವೇ ನನ್ನ ದಿನಚರಿ. ಕುರಿಯ ರಕ್ತ ಕಾಯಿಸಿ ಬೆರೆಸಿದ ಪ್ಲೇಟಿನ ಮೇಲೆ ಕಫ ಸವರಿ ಬೆಚ್ಚಗಿಟ್ಟರೆ ಮರುದಿನ ಅದರಲ್ಲಿದ್ದ ಬ್ಯಾಕ್ಟೀರಿಯಾಗಳೆಲ್ಲ ಚುಕ್ಕೆಚುಕ್ಕೆಯಾಗಿ ಎದ್ದಿರುತ್ತಿದ್ದವು. ಕುರಿ ರಕ್ತದ ವಿಷಯ ಅಮ್ಮನಿಗೆ ನಾನು ಹೇಳಿರಲಿಲ್ಲ. ಹೇಳಿದ್ದರೆ ದಿನಾ ಬಚ್ಚಲುಮನೆ ದಾಟಿಯೇ ಒಳಗೆ ಬರಬೇಕಾಗುತ್ತಿತ್ತು.

ಬನಶಂಕರಿಯ ನಮ್ಮ ಬಾಡಿಗೆ ಮನೆಯಲ್ಲಿ ನಾವು ಮೂರೇ ಜನ. ಅಪ್ಪ ರಿಟೈರಾಗಿ ಎರಡು ವರ್ಷವಾಗಿತ್ತು. ಆ ಚಳಿಗಾಲದಲ್ಲಿ ಅವರಿಗೆ ಜ್ವರ, ಎದೆನೋವು, ಕೆಮ್ಮು ಶುರುವಾಯಿತು. ಡಾಕ್ಟರು ನ್ಯುಮೋನಿಯಾ ಎಂದರು, ಕಫದ ಕಲ್ಚರ್ ಮಾಡಿಸಿ ಎಂದರು. ಮಗಳೇ ಲ್ಯಾಬಿನಲ್ಲಿರುವಾಗ ಇನ್ನೇನು ಚಿಂತೆ ಎಂದು ಅಕ್ಕಪಕ್ಕದವರೆಲ್ಲ ಸಮಾಧಾನ ಹೇಳಿದರು.

ಸೋಮವಾರ ಬೆಳಿಗ್ಗೆ ಆರಕ್ಕೆ ಅಪ್ಪ ಕಷ್ಟಪಟ್ಟು ಕೆಮ್ಮಿ ಡಬ್ಬಿಗೆ ಉಗುಳಿದರು. ನಾನು ಸ್ನಾನ ಮುಗಿಸಿ, ಅಪ್ಪನಿಗೆ ಗಂಜಿ ಕುಡಿಸಿ ಹೊರಡುವಷ್ಟರಲ್ಲಿ ಏಳೂವರೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ರಾಹುಕಾಲ ಕಣೇ. ಒಂಬತ್ತಕ್ಕೆ ಬಿಡತ್ತೆ, ಆಮೇಲೆ ಹೋಗು. ಪ್ರಾಣದ ವಿಷ್ಯ ಇದು."

"ಕಫ ಬಹಳ ಹೊತ್ತು ಇಡಬಾರದಮ್ಮ, ಕೆಟ್ಟೋಗತ್ತೆ."

"ಎಂಜಲು ಏನೇ ಕೆಡತ್ತೆ?"

ಮಂಚದಿಂದ ಅಪ್ಪ ನಕ್ಕರು, ನಕ್ಕಿದ್ದಕ್ಕೆ ಕೆಮ್ಮಿದರು. "ಅವಳ ಮಾತು ಕೇಳಮ್ಮ. ಇಲ್ದಿದ್ರೆ ನಂಗೆ ಸೀನು ಬಂದ್ರೂ ನಿನ್ ತಲೆಗೇ ಕಟ್ತಾಳೆ."

ಅಮ್ಮನ ಜೊತೆ ನಾನು ಜಗಳ ಆಡದ ವಿಷಯವೇ ಇರಲಿಲ್ಲ. ಅಪ್ಪನ ಕಾಯಿಲೆಯಲ್ಲಿ ಮಾತ್ರ ವಾದ ಬೇಡ ಅನ್ನಿಸಿತು. ಎಂಜಲೆಂದು ಅಮ್ಮ ಡಬ್ಬಿಯನ್ನು ಒಳಗಿಡಲು ಬಿಡಲಿಲ್ಲ. ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಬಿಸಿಲಿನಲ್ಲಿ ಕೂತಿತ್ತು ಅದು. ಒಂಬತ್ತಕ್ಕೆ ಹೊರಟೆ. ಬಸ್ಸು ಬೇರೆ ತಡ. ಲ್ಯಾಬ್ ಮುಟ್ಟಿದಾಗ ಹತ್ತು.

ಎರಡು ಗಂಟೆ ಮೀರಿದ ಕಫ ತೆಗೆದುಕೊಳ್ಳಬಾರದೆಂಬುದು ನಮ್ಮ ನಿಯಮ. ತಡವಾಗಿ ತಂದವರನ್ನು ಗದರಿಸಿ ವಾಪಸ್ ಕಳಿಸುತ್ತಿದ್ದವಳು ನಾನೇ. ರಾಹುಕಾಲ ಅಂದರೆ ಲ್ಯಾಬಿನವರು ನಗುತ್ತಾರೆ. ಅಪ್ಪನನ್ನು ಇನ್ನೊಮ್ಮೆ ಕೆಮ್ಮಿಸಿದರೆ ಒಂದು ದಿನ ಹೋಗುತ್ತದೆ. ಫಾರಂನಲ್ಲಿ ಕಫ ತೆಗೆದ ಸಮಯ 'ಒಂಬತ್ತು' ಎಂದು ಬರೆದೆ.

ಮರುದಿನ ಪ್ಲೇಟಿನ ಮೇಲೆ ಒಂದೇ ಜಾತಿ ಎದ್ದಿತ್ತು. ಸುತ್ತ ಹಸಿರು ಬಳೆ ಬಿಡುವ ನ್ಯುಮೊಕಾಕಸ್. ಪೆನಿಸಿಲಿನ್ ಸಾಕು ಎಂದು ರಿಪೋರ್ಟು ಹೋಯಿತು. ಮೂರು ದಿನ ಅಪ್ಪ ಚೇತರಿಸಿಕೊಂಡರು, ಎದ್ದು ಕೂತು ಪೇಪರ್ ಓದಿದರು. ನಾಲ್ಕನೆಯ ದಿನ ಜ್ವರ ಮತ್ತೆ ಏರಿತು, ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ತೆಗೆದ ಕಫವನ್ನು ಆಟೋ ಹಿಡಿದು ನೇರ ಲ್ಯಾಬಿಗೆ ಒಯ್ದೆ. ಈ ಸಲ ಎದ್ದದ್ದು ಹಿಮೋಫಿಲಸ್ ಎಂಬ ಬೇರೆಯೇ ಜಾತಿ, ರವೆಗಿಂತ ಸಣ್ಣ ಚುಕ್ಕೆಗಳು, ಪ್ಲೇಟಿನ ತುಂಬ. ಪೆನಿಸಿಲಿನ್‌ಗೆ ಅದು ಬಗ್ಗುತ್ತಿರಲಿಲ್ಲ. ಔಷಧಿ ಬದಲಾಯಿಸಿದರು. ಅದರ ಎರಡನೆಯ ದಿನ ಅಪ್ಪ ಹೋದರು.

ನನಗೆ ಅಳು ಬರಲಿಲ್ಲ. ದುಃಖ ಎಲ್ಲೋ ಪಕ್ಕದ ಮನೆಯಲ್ಲಿದೆ, ನಮ್ಮ ಮನೆಗೆ ಬಂದಿಲ್ಲ ಅನ್ನಿಸುತ್ತಿತ್ತು. ಬಂದವರು "ಗಟ್ಟಿಗಿತ್ತಿ" ಎಂದರು. ಮಣ್ಣಾಂಗಟ್ಟಿ! ಹದಿಮೂರು ದಿನ ಯಾರು ಏನು ಹೇಳಿದರೋ ಅದನ್ನು ಮಾಡಿದೆ, ಬಡಿಸಿದ್ದನ್ನು ತಿಂದೆ.

ವೈಕುಂಠ ಸಮಾರಾಧನೆ ಮುಗಿದ ಮೂರನೆಯ ದಿನ ನಮ್ಮ ಲ್ಯಾಬಿನ ಹಿರಿಯ ಡಾಕ್ಟರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಪಾಠ ಹೇಳುವುದೆಂದರೆ ಅವರಿಗೆ ಪ್ರಾಣ. ಮೊದಲೇ ಯಾಕೆ ಗೊತ್ತಾಗಲಿಲ್ಲ ಸ್ವಾಮಿ ಎಂದು ಅಮ್ಮ ಕೇಳಿದ್ದೇ ತಡ, ಶುರು ಮಾಡಿದರು.

"ನೋಡೀಮ್ಮ, ನಮ್ಮ ಮೂಗು ಗಂಟಲಲ್ಲಿ ಈ ಕ್ರಿಮಿಗಳು ಒಂದರ ಪಕ್ಕ ಒಂದು ಬಾಡಿಗೆಗೆ ಇದ್ದ ಹಾಗೆ ಇರ್ತವೆ. ಜಾಗಕ್ಕೆ ಒಂದನ್ನೊಂದು ಕೊಲ್ತವೆ. ಮೊದಲು ಸಿಕ್ತಲ್ಲ, ಅದು ಹೈಡ್ರೋಜನ್ ಪೆರಾಕ್ಸೈಡ್ ಬಿಡತ್ತೆ. ಗಾಯಕ್ಕೆ ಹಾಕಿದ್ರೆ ನೊರೆ ಬರತ್ತಲ್ಲ, ಅದೇ. ತಾನು ತಡ್ಕೊಳತ್ತೆ, ಪಕ್ಕದ್ದು ಸಾಯತ್ತೆ."

"ಹಾಗಿದ್ರೆ ಇವರೊಳಗಿದ್ದಿದ್ದು ಯಾಕೆ ಸಾಯ್ಲಿಲ್ಲ?"

"ಮೈಯೊಳಗೆ ಲೋಳೆ ಹರೀತಾ ಇರತ್ತೆ, ರಕ್ತ ಓಡ್ತಾ ಇರತ್ತೆ, ವಿಷ ಒಂದೇ ಕಡೆ ನಿಲ್ಲಲ್ಲ. ಡಬ್ಬಿಲಿ ಎಲ್ಲಿಗೆ ಹೋಗತ್ತೆ? ಬಹಳ ಹೊತ್ತು ನಿಂತ ಕಫದಲ್ಲಿ ಕೊಂದಿದ್ದೇ ಉಳ್ಕೊಳತ್ತೆ, ಇನ್ನೊಂದು ಇತ್ತು ಅನ್ನೋದೇ ನಮಗೆ ಕಾಣಲ್ಲ. ಆದ್ರೆ ನಿಮ್ಮ ವಿಷ್ಯದಲ್ಲಿ ಹಾಗಾಗಿಲ್ಲ ಬಿಡಿ. ನಿಮ್ಮ ಮಗಳು ಒಂದೇ ಗಂಟೆಯೊಳಗೆ ತಂದಿದ್ಲು, ಫಾರಂನಲ್ಲೇ ಇದೆ. ಎರಡನೇದು ಆಮೇಲೆ ಸೇರ್ಕೊಂಡಿರಬೇಕು."

ಅಮ್ಮ ನನ್ನ ಕಡೆ ನೋಡಿದಳು. ಅರ್ಧ ಓದಿದ ಹೆಂಗಸು, ಆದರೆ ಲೆಕ್ಕಕ್ಕೆ ದಡ್ಡಿಯಲ್ಲ. ಆರರಿಂದ ಒಂಬತ್ತರವರೆಗೆ ಎಷ್ಟಾಗುತ್ತದೆಂದು ಅವಳಿಗೆ ಗೊತ್ತಿತ್ತು. ನಾನು ನೆಲ ನೋಡುತ್ತ ಕೂತೆ. ಇನ್ನೊಂದು ಕ್ಷಣಕ್ಕೆ ಎಲ್ಲ ಹೊರಬೀಳುತ್ತದೆ, ಬೀಳಲಿ ಎಂದುಕೊಂಡೆ.

"ಹೌದು," ಎಂದಳು ಅಮ್ಮ. "ಕೊಟ್ಟ ತಕ್ಷಣ ಓಡಿದ್ಲು."

ಜನ್ಮದಲ್ಲಿ ಒಂದೂ ಸುಳ್ಳು ಹೇಳಿದವಳಲ್ಲ. ಡಾಕ್ಟರು ಕಾಫಿ ಕುಡಿದು, ಧೈರ್ಯ ಹೇಳಿ ಹೊರಟರು. ಅಮ್ಮ ಗೇಟಿನವರೆಗೆ ಹೋಗಿ ಕಳಿಸಿಬಂದು, ಚಾಪೆಯ ಮೇಲೆ ನನ್ನೆದುರು ಕೂತಳು.

"ನಾನು ನಿಲ್ಲಿಸ್ದೆ," ಎಂದಳು.

"ನಾನು ಸುಳ್ಳು ಬರೆದೆ."

ಎರಡನೆಯ ಕ್ರಿಮಿ ಮೊದಲೇ ಇತ್ತೋ, ಆಮೇಲೆ ಬಂತೋ, ಯಾರಿಗೂ ಖಚಿತವಿಲ್ಲ ಎಂದು ಹೇಳಬಹುದಿತ್ತು. ಅದು ನಿಜವೂ ಹೌದು.

"ಹಾಗಾದ್ರೆ ಇಬ್ರೂ ಸೇರಿ," ಎಂದು ಅಮ್ಮ ಎದ್ದು ಕಾಫಿ ಲೋಟ ತೊಳೆಯಲು ಒಳಗೆ ಹೋದಳು.