ಸಲೂಕಿ ಅಲ್ಲ

ಬಾಯಮ್ಮನ ಎಡಗೈಯಲ್ಲಿ ಬಳೆ ಇರಲಿಲ್ಲ. ಬಳೆ ಇರಬೇಕಾದಲ್ಲಿ ನಾಯಿಯ ಪಟ್ಟಿ ಸುತ್ತಿ ಸುತ್ತಿ ಉಜ್ಜಿದ ಚರ್ಮ, ಒಣಖರ್ಜೂರದ ಹಾಗೆ ಕಂದುಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು.

ಮಸ್ಕತ್ತಿನ ಅಲ್ ಖುವೈರ್‌ನ ನಮ್ಮ ಕಟ್ಟಡದಲ್ಲಿ ಅವರದು ಎದುರಿನ ಫ್ಲಾಟು. ಕೆಲಸ, ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಷನ್ನಿನಲ್ಲಿ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸೆಂದರೆ ಗೋವಾದವಳೇ ಎಂದು ಮಸ್ಕತ್ತು ಎಂದೋ ತೀರ್ಪು ಕೊಟ್ಟಾಗಿತ್ತು. ಬಾಯಮ್ಮ ಆ ತೀರ್ಪಿಗೆ ದಿನವೂ ಮೇಲ್ಮನವಿ ಹಾಕುತ್ತಿದ್ದರು. ಲಿಫ್ಟಿನಲ್ಲಿ, ತರಕಾರಿ ಅಂಗಡಿಯಲ್ಲಿ, ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ: "ಗೋವಾ ಅಲ್ಲ. ಉಡುಪಿ." ಅಷ್ಟೇ. ವಿವರಣೆ ಇಲ್ಲ, ನಗು ಇಲ್ಲ.

ಅದೇ ಕ್ಲಿನಿಕ್ಕಿನ ಹಂಗೇರಿಯ ಡಾಕ್ಟರು ಕೆಲಸ ಬಿಟ್ಟು ಹೊರಟಾಗ ತಮ್ಮ ನಾಯಿಯನ್ನು ಇವರಿಗೆ ಒಪ್ಪಿಸಿ ಹೋದರು. ಮಜ್ಯಾರ್ ಅಗಾರ್ ಎಂಬ ತಳಿ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಗಿಡ್ಡ ಕೂದಲು. ವಾಸನೆ ಹಿಡಿದು ಅಲ್ಲ, ಕಣ್ಣಿಂದ ಕಂಡು ಬೇಟೆಯಾಡುವ ಜಾತಿ. ಅವರ ಊರಲ್ಲಿ ಕುದುರೆ ಸವಾರರ ಜೊತೆ ಮೊಲದ ಹಿಂದೆ ಓಡುತ್ತಿದ್ದವಂತೆ. ಇಲ್ಲಿ ಸೋಫಾದ ಮೇಲೆ ಮಲಗಿತ್ತು. ಬಾಯಮ್ಮ ಅದನ್ನು 'ಪುತಾ' ಎಂದು ಕರೆದರು, ಮಗನೇ ಎಂದು. ಅದು ತಿರುಗಿಯೂ ನೋಡಲಿಲ್ಲ.

"ಇವನ ಸ್ವಭಾವ ಹಾಗೆ," ಎಂದರು. "ಮೈಮೇಲೆ ಬೀಳುವವನಲ್ಲ. ಸುಮ್ಮನೆ ಬೊಗಳುವವನೂ ಅಲ್ಲ. ಪರಿಚಯ ಆಗ್ಲಿಕ್ಕೆ ಟೈಮ್ ತಕೊಳ್ತಾನೆ. ಆದ ಮೇಲೆ ಬಿಡುದಿಲ್ಲ."

ನಾನು ಆಗ ಕಾಲೇಜಿನ ಡಿಬೇಟ್ ತಂಡದಲ್ಲಿದ್ದೆ. ಬಿಡುತ್ತೇನೆಯೇ? "ತಳಿಯ ಸ್ವಭಾವ ಅನ್ನೋದು ನಾಯಿಗಳ ಜಾತಕ, ಬಾಯಮ್ಮ. ಮಂಗಳೂರಿನವರೆಲ್ಲ ಹೀಗೆ, ಮಲಯಾಳಿಗಳೆಲ್ಲ ಹಾಗೆ ಅಂದ್ರೆ ಒಪ್ತೀರಾ?"

"ಒಪ್ಪುದಿಲ್ಲ. ಆದ್ರೆ ನೀನು ಇವನ ಪಟ್ಟಿ ಬಿಟ್ಟು ನೋಡು ವಕೀಲೆ, ಪಾರ್ಕಿಂಗಲ್ಲಿ ಬೆಕ್ಕು ಉಂಟು."

ಬೆಕ್ಕೇ ಬೇಕಾಗಿರಲಿಲ್ಲ. ಒಂದು ಬೆಳಿಗ್ಗೆ ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲದ ಹಿಂದೆ ಬಿದ್ದ ಪುತಾ ಬಾಯಮ್ಮನನ್ನೂ ಎಳೆದು ಡಾಂಬರಿನ ಮೇಲೆ ಕೆಡವಿದ. ಮೊಣಕಾಲು ಸುಲಿದಿತ್ತು. ನಾನು ಎಬ್ಬಿಸಹೋದರೆ ನನಗೇ ಬೈದರು. "ಅವನಿಗೆ ಎಂತದೂ ಹೇಳ್ಬೇಡ. ಓಡುವುದು ಕಂಡ್ರೆ ಓಡ್ತಾನೆ, ಕರೆದ್ರೆ ಬರುದಿಲ್ಲ. ಅದು ತಪ್ಪಲ್ಲ ಮಾರಾಯ್ತಿ, ಅವನ ಕೆಲಸ."

ಮೇಲಿನ ಮಹಡಿಯಲ್ಲಿ ಬಟ್ಟೆ ವ್ಯಾಪಾರದ ಬ್ಯಾರಿ ಕಾಕಾ ಇದ್ದರು. ನಾಯಿಯ ಜೊಲ್ಲು ತಾಗಿದರೆ ನಮಾಜಿನ ಬಟ್ಟೆ ಬದಲಿಸಬೇಕೆಂದು ಸಂಕೋಚದಿಂದಲೇ ಹೇಳಿದ್ದರು. ಆವತ್ತಿನಿಂದ ಬಾಯಮ್ಮ ಲಿಫ್ಟು ಬಿಟ್ಟರು. ನೋವಿನ ಮೊಣಕಾಲು ಇಟ್ಟುಕೊಂಡು ಮೆಟ್ಟಿಲು ಹತ್ತಿದರು, ನಾಯಿಯನ್ನು ಗೋಡೆಯ ಬದಿಗೆ ಹಿಡಿದು. ಕಾಕಾ ಮತ್ತೆ ದೂರಲಿಲ್ಲ. ದೂರಿದ್ದು ಕೆಳಗಿನ ಸಂಸಾರ. ಅವರ ವಾದ: ಬೊಗಳದ ನಾಯಿಯನ್ನು ನಂಬಬಾರದು. ಬೊಗಳಿದ್ದರೆ ಗಲಾಟೆ ಎನ್ನುತ್ತಿದ್ದರು. ಎರಡೂ ಕಡೆಯಿಂದ ಗೆಲ್ಲುವ ಇಂಥ ವಾದವನ್ನು ನಮ್ಮ ಕೋಚ್ ಕೂಡ ಹೇಳಿಕೊಟ್ಟಿರಲಿಲ್ಲ.

ಕಟ್ಟಡದ ಮಾಲೀಕರು, ರುಸ್ತಾಕ್ ಊರಿನ ಒಮಾನಿ ಮುದುಕರು, ಶುಕ್ರವಾರ ಸಂಜೆ ತಾವೇ ಬಂದು ನೋಡುತ್ತೇನೆಂದರು. ನಾಯಿ ಹೋಗಬೇಕೋ ಇರಬೇಕೋ ಅಂದೇ ತೀರ್ಮಾನ.

ಉಪಾಯ ಕೊಟ್ಟವರು ಕಾಕಾ. "ಸಲೂಕಿ ಅಂತ ಹೇಳಿ ಬಾಯಮ್ಮ. ಅರಬರ ಬೇಟೆನಾಯಿ. ಇವರ ಅಜ್ಜಂದಿರು ಡೇರೆಯೊಳಗೆ ಮಲಗಿಸಿಕೊಳ್ತಿದ್ರು. ಸಲೂಕಿ ಅಂದ್ರೆ ನಾಯಿ ಅಲ್ಲ, ಮರ್ಯಾದೆ."

ನಾನು ಅದಕ್ಕೆ ಪಾಲಿಶ್ ಹಾಕಿದೆ. "ಸಲೂಕಿಯೂ ಇವನೂ ಕಣ್ಣಿಂದ ಬೇಟೆಯಾಡುವ ನಾಯಿಗಳೇ. ಮೈಕಟ್ಟು ಒಂದೇ. ನೀವು ಏನೂ ಹೇಳ್ಬೇಡಿ, ಅವರಾಗಿ ಕೇಳಿದ್ರೆ ಸುಮ್ಮನೆ ತಲೆ ಆಡಿಸಿ. ಸುಳ್ಳಾಗೋದಿಲ್ಲ."

ಬಾಯಮ್ಮ ನಾಯಿಯ ಪಟ್ಟಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು.

ಮಾಲೀಕರು ಬಂದರು. ಪುತಾ ಎದ್ದು ನಿಂತ. ಬೊಗಳಲಿಲ್ಲ, ಬಾಲ ಆಡಿಸಲಿಲ್ಲ. ಮುದುಕರು ದೂರದಿಂದಲೇ ಅವನ ಕಾಲು, ಎದೆ ನೋಡಿದರು. ಮುಖ ಅರಳಿತು. "ಸಲೂಕಿ?"

ನಾನು ಕಣ್ಸನ್ನೆ ಮಾಡಿದೆ. ಒಂದು ಸಲ ತಲೆ ಆಡಿಸಿದರೆ ಸಾಕಿತ್ತು.

"ಲಾ," ಎಂದರು ಬಾಯಮ್ಮ. "ಸಲೂಕಿ ಅಲ್ಲ. ಹಂಗೇರಿ."

ಮುದುಕರಿಗೂ ಬೇಸರವಾದಂತಿತ್ತು. ಹಿಂದಿಯಲ್ಲಿ ಮೆಲ್ಲಗೆ ಇನ್ನೊಂದು ಬಾಗಿಲು ತೆರೆದರು: "ಸ್ವಲ್ಪ ಸಲೂಕಿ ರಕ್ತ ಇರಬಹುದಲ್ಲ?"

"ಇಲ್ಲ ಬಾಬಾ. ಇವನು ಇವನೇ."

"ಹಾಗಾದರೆ ನಾಯಿ. ಕಟ್ಟಡದಲ್ಲಿ ನಾಯಿ ಇಲ್ಲ. ಖಲಾಸ್."

"ಖಲಾಸ್," ಎಂದರು ಇವರೂ. "ನಾವಿಬ್ಬರೂ ಹೋಗ್ತೇವೆ."

ನನಗೆ ತಡೆಯಲಾಗಲಿಲ್ಲ. "ಗೆದ್ದ ಕೇಸು ಸೋತಿರಿ! ಅವನಿಗೆ ಏನು ಗೊತ್ತಾಗ್ತದೆ, ತನ್ನನ್ನು ಏನಂತ ಕರೆದ್ರು ಅಂತ?"

"ಅವನಿಗೆ ಗೊತ್ತಾಗುದಿಲ್ಲ," ಎಂದರು. "ನನಗೆ ಗೊತ್ತಾಗ್ತದಲ್ಲ. ದಿನಾ ಗೋವಾ ಗೋವಾ ಅಂತ ಕೇಳಿ ಕೇಳಿ ನನಗೆ ಗೊತ್ತುಂಟು."

ಅಲ್ ಅಮೇರಾತ್‌ನಲ್ಲಿ, ಗುಡ್ಡದ ಬುಡದಲ್ಲಿ, ಅಂಗಳವಿರುವ ಹಳೇ ಮನೆ ಹಿಡಿದರು. ಕ್ಲಿನಿಕ್ಕಿಗೆ ದೂರ. ಕಾಕಾನೇ ತಮ್ಮ ಅಂಗಡಿಯ ಪಿಕಪ್ಪಿನಲ್ಲಿ ಸಾಮಾನು ಸಾಗಿಸಿದರು. ನಾಯಿಗೆಂದು ಸೀಟಿನ ಮೇಲೆ ಹಳೆಯ ಲುಂಗಿ ಹಾಸಿ, "ಯಲ್ಲಾ, ಹಂಗೇರಿ ಸಾಯ್ಬರೇ, ಹತ್ತಿ," ಎಂದರು. ಪುತಾ ತನಗೆ ಬೇಕೆನಿಸಿದಾಗ ಹತ್ತಿದ.

ಅಲ್ಲಿಗೆ ನಾನು ವಾರವಾರವೂ ಹೋಗುತ್ತಿದ್ದೆ, ವಾದಕ್ಕೆ. ತಳಿಯ ಸ್ವಭಾವವನ್ನು ನಾನು ಕೊನೆಗೂ ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ನಾಯಿ ತಣ್ಣಗಿತ್ತು, ಹಠಮಾರಿಯಾಗಿತ್ತು, ಹಲ್ಲುಕಿರಿಯುತ್ತಿರಲಿಲ್ಲ. ಹಂಗೇರಿಯಿಂದ ಬಂದ ಗುಣವೋ ಉಡುಪಿಯದೋ ಎಂದು ಕೇಳಿದರೆ ಬಾಯಮ್ಮ ಚಹಾ ಸೋಸುತ್ತ, "ನಿನ್ನ ಟೈಮ್ ಮುಗೀತು, ಕೂತ್ಕೋ," ಎನ್ನುತ್ತಿದ್ದರು.

ಹೋದ ವರ್ಷ ಅವರ ಹೃದಯ ಕೈಕೊಟ್ಟಿತು. ಅಂಗಳದ ಮನೆಯ ಬಾಡಿಗೆ ಕರಾರು ಈಗ ನನ್ನ ಹೆಸರಲ್ಲಿದೆ. ಪುತಾ ನನ್ನ ಪಕ್ಕದಲ್ಲಿ ಮಲಗುತ್ತಾನೆ, ಮುಖ ಆಚೆ ಮಾಡಿ.

ಕ್ಲಿನಿಕ್ಕಿನವರು ಸಂತಾಪ ಸಭೆ ಇಟ್ಟಿದ್ದರು. ಮ್ಯಾನೇಜರು ಒಳ್ಳೆಯ ಮಾತೇ ಆಡಿದರು. ನಡುವೆ, "ನಮ್ಮೆಲ್ಲರ ಪ್ರೀತಿಯ ಗೋವಾದ ಅಕ್ಕ" ಎಂದರು. ಸಾವಿನ ಸಭೆಯಲ್ಲಿ ಎದ್ದು ತಿದ್ದುವುದು ಸಭ್ಯತೆಯಲ್ಲ ಎನ್ನುವುದಕ್ಕೆ ಐದಾರು ಗಟ್ಟಿ ಕಾರಣಗಳು ನನಗೆ ಕೂಡಲೇ ಹೊಳೆದವು. ಎಲ್ಲವೂ ಸರಿಯಾಗಿಯೇ ಇದ್ದವು.

ಎದ್ದು ನಿಂತೆ.

"ಗೋವಾ ಅಲ್ಲ. ಉಡುಪಿ."