ಹತ್ತು ನಿಮಿಷ ಮುಂದಿರುವ ಗಡಿಯಾರ

ಇವತ್ತು ಬೆಳಿಗ್ಗೆ ಮನೆ ಒರೆಸುವಾಗ ನಡುಮನೆಯ ಗೋಡೆ ಗಡಿಯಾರ ನಿಂತುಹೋಗಿರುವುದು ಕಣ್ಣಿಗೆ ಬಿತ್ತು. ನಾಳೆ ನನ್ನ ಹೆಂಡತಿ ಜಯ ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಮನೆಯಲ್ಲಿ ಧೂಳು ಇರಕೂಡದೆಂದು ಡಾಕ್ಟರು ಹೇಳಿದ್ದರಿಂದ, ಅವಳ ಹತ್ತಿರ ನಾದಿನಿಯನ್ನು ಬಿಟ್ಟು ನಾನು ನಂಜನಗೂಡಿಗೆ ಬಂದಿದ್ದೇನೆ. ಎರಡು ದಿನದಿಂದ ಬಕೆಟ್ಟು, ಬಟ್ಟೆ, ಫಿನಾಯಿಲಿನ ಜೊತೆಗೇ ನನ್ನ ಸಂಸಾರ. ಗಡಿಯಾರವನ್ನು ಕೆಳಗಿಳಿಸಿ ಸೆಲ್ ಬದಲಾಯಿಸಿದೆ. ಆದರೆ ಮುಳ್ಳು ತಿರುಗಿಸಲು ಹೋದವನು ಹಾಗೆಯೇ ನಿಂತುಬಿಟ್ಟೆ. ಯಾವ ಸಮಯಕ್ಕೆ ಇಡಲಿ?

ನಿಮಗೆ ಇದು ವಿಚಿತ್ರವೆನಿಸಬಹುದು. ನಮ್ಮ ಗಡಿಯಾರ ಈ ಮನೆಗೆ ಬಂದ ದಿನದಿಂದಲೂ ಹತ್ತು ನಿಮಿಷ ಮುಂದೆ. ಊರ ಪಕ್ಕದ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಶಿಫ್ಟ್ ಸೂಪರ್‌ವೈಸರ್ ಆಗಿದ್ದವನು ನಾನು. ಸೈರನ್ ಕೂಗುವ ಹೊತ್ತಿಗೆ ಯಂತ್ರದ ಮುಂದೆ ನಿಂತಿರದವನನ್ನು ನಾನು ಮನುಷ್ಯನೆಂದೇ ಎಣಿಸುತ್ತಿರಲಿಲ್ಲ. ಮನೆಯವರೂ ಬೇಗ ಹೊರಡಲೆಂದು ಗಡಿಯಾರವನ್ನು ಮುಂದೆ ತಳ್ಳಿದ್ದೆ. ವಾರ ಕಳೆಯುವುದರಲ್ಲಿ ಎಲ್ಲರೂ ಅದನ್ನು ನೋಡಿ ಮನಸ್ಸಿನಲ್ಲೇ ಹತ್ತು ನಿಮಿಷ ಕಳೆಯುವುದನ್ನು ಕಲಿತರು. ಹಾಗಾಗಿ ಯಾರೂ ಬೇಗ ಹೊರಡಲಿಲ್ಲ, ನಾನೂ ಗಡಿಯಾರವನ್ನು ಹಿಂದಕ್ಕೆ ತರಲಿಲ್ಲ. ಸೂಪರ್‌ವೈಸರ್ ಆದವನು ಒಮ್ಮೆ ಕೊಟ್ಟ ಆರ್ಡರ್ ವಾಪಸು ತೆಗೆದುಕೊಳ್ಳುವುದುಂಟೆ?

ಜಯಳಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದ ದಿನ ನಾನು ಅಳಲಿಲ್ಲ, ಟೈಮ್ ಟೇಬಲ್ ಬರೆದೆ. ಬೇರೇನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಮಾತ್ರೆ ಯಾವಾಗ, ಕುದಿಸಿದ ನೀರು ಯಾವಾಗ, ದಿನಕ್ಕೆ ನಾಲ್ಕು ಸಲ ಜ್ವರ ನೋಡುವುದು ಯಾವಾಗ, ಎಲ್ಲವೂ ಅಡುಗೆಮನೆಯ ಬಾಗಿಲಿಗೆ ಅಂಟಿತು. ಕೀಮೋ ಶುರುವಾದ ಮೇಲೆ ಸೋಂಕು ತಗಲಬಾರದೆಂದರು. ತಕ್ಷಣ ಜಗುಲಿಯ ಮೇಲೆ ಒಂದು ರಿಜಿಸ್ಟರ್ ಇಟ್ಟೆ. ನೋಡಲು ಬಂದವರು ಹೆಸರು, ಬಂದ ಸಮಯ, ಕೆಮ್ಮು ನೆಗಡಿ ಇದೆಯೇ ಇಲ್ಲವೇ ಎಂಬುದನ್ನು ಬರೆದು, ಕಿಟಕಿಯಾಚೆಯಿಂದಲೇ ಮಾತಾಡಿ ಹೋಗಬೇಕು. ಕಳಲೆಯಿಂದ ಬಂದಿದ್ದ ನನ್ನ ಖಾಸಾ ದೊಡ್ಡಪ್ಪನ ಮಗ ಸಹಿ ಹಾಕಿದ ಮೇಲೆ ಸೀನಿದನೆಂದು ಜಗುಲಿಯಿಂದಲೇ ವಾಪಸು ಕಳಿಸಿದೆ. ಅವನು ಈಗಲೂ ನನ್ನ ಹತ್ತಿರ ಮಾತಾಡುತ್ತಿಲ್ಲ.

"ಒಳಗಿರೋಳು ಹೆಂಡ್ತಿ ಕಣ್ರೀ, ಬಾಯ್ಲರ್ ಅಲ್ಲ," ಎಂದಿದ್ದಳು ಜಯ.

ಮೊದಲ ಸುತ್ತಿನ ನಂತರ ಆಸ್ಪತ್ರೆಗೆ ಹೋದಾಗ ನನ್ನ ಜ್ವರದ ಪಟ್ಟಿಯನ್ನು ಹೆಮ್ಮೆಯಿಂದ ಡಾಕ್ಟರ ಮುಂದೆ ಹರಡಿದೆ. ಅವರು ಅದನ್ನು ಮೆಚ್ಚಿ, "ಮೊನ್ನೆ ಜ್ವರ ಸರಿಯಾಗಿ ಎಷ್ಟು ಗಂಟೆಗೆ ಬಂತಮ್ಮಾ?" ಎಂದು ಕೇಳಿದರು. ಜಯ ಮುಖ ಗಂಭೀರ ಮಾಡಿಕೊಂಡು, "ನಮ್ಮನೆ ಟೈಮಾ, ಊರಿನ ಟೈಮಾ ಡಾಕ್ಟ್ರೇ?" ಎಂದಳು. ಗಡಿಯಾರದ ಕಥೆ ಕೇಳಿ ನಗದವರು ಆ ಕೋಣೆಯಲ್ಲಿ ನಾನೊಬ್ಬನೇ.

ಎರಡನೆಯ ಸುತ್ತಿಗೆ ಕೂದಲು ಉದುರಿತು. ಉಳಿದದ್ದನ್ನೂ ಬೋಳಿಸಿಬಿಡಿ ಎಂದಳು, ಮನೆಯಲ್ಲೇ ಬೋಳಿಸಿದೆ. ಬೋಳುತಲೆಯ ಹೆಂಗಸನ್ನು ಬೇರೆ ಊರಿನಲ್ಲಿ ಜನ ತಿರುತಿರುಗಿ ನೋಡುತ್ತಾರೇನೋ, ನಂಜನಗೂಡಿನಲ್ಲಿ ನೋಡುವುದಿಲ್ಲ. ದಿನಾ ಎಷ್ಟೋ ಜನ ಹೊಳೆದಡದಲ್ಲಿ ಮುಡಿ ಕೊಟ್ಟು ಹೋಗುವ ಊರು ಇದು. ಎದುರು ಮನೆಯಾಕೆ ಕಿಟಕಿಯಾಚೆಯಿಂದ ಕೇಳಿದಳು: "ಮುಡಿ ಕೊಟ್ರಾ ಜಯಕ್ಕಾ? ಏನ್ ಅರಕೆ?"

"ನಮ್ಮೆಜಮಾನ್ರು ಒಂದಿನ ಬಾಯ್ ಮುಚ್ಕಂಡಿರ್ಲಿ ಅಂತ ಕಣವ್ವ. ಕೂದ್ಲು ಓಯ್ತು, ಅರಕೆ ಇನ್ನೂ ಈಡೇರ್ಲಿಲ್ಲ."

ಮೂರನೆಯ ಸುತ್ತಿನಲ್ಲಿ ಮಾತ್ರ ಎರಡು ದಿನ ಅವಳು ನನ್ನನ್ನು ಛೇಡಿಸಲೇ ಇಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದಳು. ಥರ್ಮಾಮೀಟರ್ ಚಾಚಿದರೆ ಬಾಯಿ ತೆರೆಯುವಳು, ಮುಚ್ಚುವಳು, ಅಷ್ಟೇ. ಜ್ವರವೇನೂ ಇರಲಿಲ್ಲ, ನನ್ನ ಪಟ್ಟಿಯ ಪ್ರಕಾರ ಎಲ್ಲವೂ ಸರಿಯಾಗಿತ್ತು. ನಾನು ಜೀವನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು. ಮೂರನೆಯ ದಿನ ಗಂಜಿ ಬಾಯಿಗಿಟ್ಟುಕೊಂಡವಳು, "ಉಪ್ಪು ಹಾಕೋದು ನಿಮ್ಮ ಟೈಮ್ ಟೇಬಲ್‌ನಲ್ಲಿ ಇಲ್ವಾ?" ಎಂದಳು. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಕೀಮೋ ಒಂದರಿಂದಲೇ ಆಗದು, ಒಡಹುಟ್ಟಿದವರ ರಕ್ತದಿಂದ ಕಣ ತೆಗೆದು ಕಸಿ ಮಾಡಬೇಕೆಂದರು. ಪರೀಕ್ಷೆ ಮಾಡಿದಾಗ ಪೂರ್ತಿ ಹೊಂದಿದ್ದು ಒಬ್ಬನದೇ, ಅವಳ ತಮ್ಮ ಮಾದೇಶನದು.

ಮಾದೇಶ ಟಿ. ನರಸೀಪುರದಲ್ಲಿ ಸುಟ್ಟ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಕೈ ಬಂಗಾರದಂಥದ್ದು, ಕಾಲು ಮಾತ್ರ ಯಾವತ್ತೂ ಹೊತ್ತಿಗೆ ಸರಿಯಾಗಿ ಎದ್ದದ್ದಿಲ್ಲ. ನಮ್ಮ ಗೃಹಪ್ರವೇಶಕ್ಕೆ ಉಕ್ಕಿಸುವ ಹಾಲು ತರಬೇಕಿದ್ದವನು ಇವನೇ. ಅವನು ಹಾಲು ತಂದಾಗ ಮೂರನೇ ಪಂಕ್ತಿಯ ಎಲೆ ಎತ್ತುತ್ತಿದ್ದರು. ಅಂದಿನಿಂದ ನಾನು ಅವನಿಗೆ ಯಾವ ಕೆಲಸಕ್ಕೂ ಎರಡು ಗಂಟೆ ಮುಂಚಿನ ಸಮಯ ಹೇಳುತ್ತಾ ಬಂದೆ. ಫೋನ್ ಮಾಡಿದರೆ "ಇಲ್ಲೇ ಇವ್ನಿ ಭಾವ, ಬಂದೆ" ಎನ್ನುವನು. ಹಿಂದೆ ಅಂಗಡಿಯ ಮೋಟಾರು ಗುಯ್ಯೆನ್ನುತ್ತಿರುತ್ತಿತ್ತು.

ಡಾಕ್ಟರು ಕೂರಿಸಿಕೊಂಡು ವಿವರಿಸಿದರು. ಮೊದಲು ಗಟ್ಟಿ ಔಷಧಿ ಕೊಟ್ಟು ಜಯಳ ಮೂಳೆಯೊಳಗಿನ ಹಳೆಯ ಕಣಗಳನ್ನೆಲ್ಲ ಖಾಲಿ ಮಾಡುತ್ತಾರೆ. ಅದು ಶುರುವಾದ ಮೇಲೆ ಹಿಂದಿರುಗುವ ದಾರಿಯಿಲ್ಲ. ನಡುವೆ ಒಂದು ಗುರುವಾರ ಬೆಳಿಗ್ಗೆ ಎಂಟಕ್ಕೆ ತಮ್ಮ ಬಂದು ತನ್ನ ರಕ್ತದಲ್ಲಿ ಕಣ ಹೆಚ್ಚಿಸುವ ಇಂಜೆಕ್ಷನ್ ಶುರುಮಾಡಿಸಿಕೊಳ್ಳಬೇಕು, ದಿನಕ್ಕೊಂದರಂತೆ, ಒಂದೂ ತಪ್ಪಕೂಡದು. ಕೇಳುತ್ತಾ ಕೂತಿದ್ದ ನನ್ನ ಕಣ್ಣ ಮುಂದೆ ಆ ಹಾಲಿನ ಪಾತ್ರೆಯೇ ಬಂದು ನಿಂತಿತು.

ಎರಡು ಗಂಟೆಯ ಉಪಾಯ ಸಾಲದೆನಿಸಿತು. ಮಾದೇಶನಿಗೆ "ಬುಧವಾರ ಬೆಳಿಗ್ಗೆ ಆರಕ್ಕೆ" ಎಂದುಬಿಟ್ಟೆ. ಬುಧವಾರ ಹೇಗೂ ಬರುವುದಿಲ್ಲ, ಸಂಜೆ ಫೋನ್ ಮಾಡಿ ಬೈದರೆ ಗುರುವಾರಕ್ಕೆ ಸರಿಹೋಗುತ್ತಾನೆ, ಇದು ನನ್ನ ಪ್ಲಾನು. ಬುಧವಾರ ನಾನು ಜಯಳ ಜೊತೆ ಒಳಗಿನ ಕೋಣೆಯಲ್ಲಿದ್ದೆ. ಆಚೀಚೆ ಓಡಾಡುವಂತಿರಲಿಲ್ಲ. ಔಷಧಿ ಎರಡು ದಿನದಿಂದ ಇಳಿಯುತ್ತಿತ್ತು. ಸಂಜೆ ಫೋನ್ ಮಾಡಿದೆ.

"ಎಲ್ಲಿದ್ದೀಯಯ್ಯಾ?"

"ಇಲ್ಲೇ ಇವ್ನಿ ಭಾವ."

"ನಿನ್ನ ಇಲ್ಲೇ ಯಾವುದು ಅಂತ ನನಗೆ ಗೊತ್ತು. ಇದು ಮೋಟಾರಲ್ಲ ಮಾದೇಶ, ನಿಮ್ಮಕ್ಕ. ನಾಳೆ ಎಂಟಕ್ಕೆ ಇಲ್ಲಿ ಇರದಿದ್ದರೆ ನನ್ನ ಹೊಸಿಲು ತುಳಿಯಬೇಡ."

"ಆಯ್ತು ಭಾವ," ಎಂದ. ಆವತ್ತು ಹಿಂದೆ ಮೋಟಾರಿನ ಸದ್ದಿರಲಿಲ್ಲ. ಕೋಪದಲ್ಲಿ ನಾನು ಅದನ್ನು ಗಮನಿಸಲಿಲ್ಲ.

ಗುರುವಾರ ಆರಕ್ಕೇ ನರ್ಸಿನ ಒಪ್ಪಿಗೆ ಪಡೆದು ಕೆಳಗಿಳಿದೆ, ಗೇಟಿನಲ್ಲಿ ಕಾಯೋಣವೆಂದು. ಬಾಗಿಲ ಪಕ್ಕದ ಬೆಂಚಿನ ಮೇಲೆ ಮಾದೇಶ ಕೂತಲ್ಲೇ ತೂಕಡಿಸುತ್ತಿದ್ದ. ಮೂಗು ಬಾಯಿ ಮುಚ್ಚಿ ಟವೆಲ್ ಬಿಗಿದಿದ್ದ. ಬುಧವಾರ ಬೆಳಿಗ್ಗೆ ಐದೂವರೆಗೇ ಬಂದಿದ್ದನಂತೆ. ನಾಳೆ ಬನ್ನಿ ಎಂದು ಕೌಂಟರಿನವರು ಹೇಳಿದರೂ ಹೋಗಿರಲಿಲ್ಲ.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ಏನಂತ ಯೇಳ್ಲಿ ಭಾವ? ನೀವು ಒಂದಿನ ಮುಂಚೇನೇ ಯೇಳಿದ್ದೀರಿ ಅಂತ ಕೌಂಟರ್‌ನಲ್ಲೇ ಗೊತ್ತಾಯ್ತು. ಯಾವಾಗ್ಲೂ ನೀವ್ ಯೇಳಿದ್ ಟೈಮ್‌ಗೆ ಎರಡ್ ಗಂಟೆ ಸೇರಿಸ್ಕತಿದ್ದೆ. ಈ ಸತಿ ಸೇರಿಸ್ಲಿಲ್ಲ."

"ಊರಿಗೆ ಹೋಗಿ ಬರಬಹುದಿತ್ತಲ್ಲೋ."

"ಅಂಗಡೀಲಿ ಯಾರಾದ್ರೂ ಮೋಟಾರ್ ತಂದ್ ಮಡಗಿದ್ರೆ ಕುಂತ್‌ಬಿಡ್ತೀನಿ. ನಿಮ್ಗೊಬ್ರಿಗೇ ಅಲ್ಲ, ನಂಗೂ ನನ್ ಮ್ಯಾಲೆ ನಂಬ್ಕೆ ಇಲ್ಲ. ಅದ್ಕೇ ಇಲ್ಲೇ ಕುಂತ್ಕಂಡೆ."

ಮೇಲೆ ಹೋಗಿ ಜಯಳಿಗೆ ಎಲ್ಲವನ್ನೂ ಹೇಳಿದೆ, ಅವನೆದುರು ನನ್ನ ಬಾಯಿ ಮುಚ್ಚಿಹೋದದ್ದನ್ನೂ. ಬಾಯೆಲ್ಲ ಹುಣ್ಣಾಗಿ ಮಾತಾಡಲಾರದವಳು ಬೆರಳೆತ್ತಿ ಮೊದಲು ನನ್ನನ್ನು ತೋರಿಸಿದಳು, ಆಮೇಲೆ ತನ್ನ ಬೋಳುತಲೆಯನ್ನು. ಹರಕೆ ಈಡೇರಿತು ಎಂದು ಅದರ ಅರ್ಥ.

ಮಾದೇಶ ಒಂದೂ ಇಂಜೆಕ್ಷನ್ ತಪ್ಪಿಸಲಿಲ್ಲ. ಅವನ ಕಣಗಳು ಮಾತ್ರ ಅವನ ಗುಣದವೇ. ಬೇರು ಬಿಡಲು ಡಾಕ್ಟರು ಹೇಳಿದ್ದಕ್ಕಿಂತ ನಾಲ್ಕು ದಿನ ತಡ ಮಾಡಿದವು. ಆ ನಾಲ್ಕು ದಿನ ನಾನು ಹೇಗಿದ್ದೆನೆಂದು ಕೇಳಬೇಡಿ.

ಇವತ್ತು ಗಡಿಯಾರ ಕೈಯಲ್ಲಿ ಹಿಡಿದುಕೊಂಡೇ ಅವನಿಗೆ ಫೋನ್ ಮಾಡಿದೆ. ನಾಳೆ ಜಯಳನ್ನು ಕರೆತರಲು ಸ್ನೇಹಿತನ ಕಾರು ತಂದು ನನ್ನನ್ನು ಇಲ್ಲಿಂದ ಮೈಸೂರಿಗೆ ಕರೆದುಕೊಂಡು ಹೋಗುವವನು ಅವನೇ. ಒಂಬತ್ತಕ್ಕೆ ಬಾ ಎಂದೆ.

"ಒಂಬತ್ತು ಅಂದ್ರೆ?"

"ಒಂಬತ್ತು ಅಂದರೆ ಒಂಬತ್ತೇ."

ಆ ಕಡೆ ಮೋಟಾರಿನ ಸದ್ದು ನಿಂತಿತು. "ಭಾವ, ಉಸಾರಾಗಿದ್ದೀರಾ? ಜ್ವರ ಗಿರ ಬಂದದಾ?" ಎಂದ.

ಇಲ್ಲವೆಂದು ಹೇಳಿ ಫೋನ್ ಇಟ್ಟು, ಮುಳ್ಳನ್ನು ಊರಿನ ಸಮಯಕ್ಕೆ ತಿರುಗಿಸಿ ಗಡಿಯಾರವನ್ನು ಮೊಳೆಗೆ ತೂಗುಹಾಕಿದೆ. ನಾಳೆ ಜಯ ಒಳಗೆ ಬಂದವಳೇ ಅಭ್ಯಾಸಬಲದಿಂದ ಅದನ್ನು ನೋಡಿ ಹತ್ತು ನಿಮಿಷ ಕಳೆದು, ಹೊತ್ತು ಇನ್ನೂ ಅಷ್ಟು ಆಗಿಲ್ಲವೆಂದುಕೊಳ್ಳುತ್ತಾಳೆ. ಸರಿಮಾಡಿದ್ದೇನೆಂದು ತಕ್ಷಣ ಹೇಳುವ ಅವಸರವೇನೂ ನನಗಿಲ್ಲ. ಅವಳ ಎಣಿಕೆಯಲ್ಲಿ ಹತ್ತು ನಿಮಿಷ ಹೆಚ್ಚಾಗಿಯೇ ಉಳಿದಿರಲಿ.