ಸಿಲಿಂಡರಿಗಾಗಿ ಚಿಕಲಠಾಣಾಕ್ಕೆ

ನಾಶಿಕದಿಂದ ಬೆಳಿಗ್ಗೆ ಆರರ ಎಸ್ಟಿ ಬಸ್ಸು ಹಿಡಿದೆ. ಹೆಂಗಸರಿಗೆ ಅರ್ಧ ಟಿಕೆಟ್. ಸಂಭಾಜಿನಗರ ಇನ್ನೂರು ಕಿಲೋಮೀಟರಿಗೆ ತುಸು ಕಡಿಮೆ, ಐದು ತಾಸಿನ ದಾರಿ. ಮಡಿಲ ಮೇಲೆ ಕ್ಯಾನ್ವಾಸ್ ಚೀಲ. ಒಳಗೆ ಸ್ಪ್ಯಾನರ್, ಸ್ಕ್ರೂಡ್ರೈವರ್, ಹಿಂದೆ ಸ್ಕೂಟರಿನ ಪೆಟ್ರೋಲಿಗೆ ಬೆರೆಸುತ್ತಿದ್ದ ಟೂ-ಟಿ ಆಯಿಲಿನ ಎರಡು ಪಾಕೀಟು. ಫೆಬ್ರವರಿಯ ಚಳಿ ಕಿಟಕಿಯ ಸಂದಿಯಿಂದ ನುಗ್ಗುತ್ತಿತ್ತು. ಎಪ್ಪತ್ತೊಂದರ ವಯಸ್ಸಿನಲ್ಲಿ, ಒಬ್ಬಳೇ, ಮರ ಕೊಯ್ಯುವ ಹಳೆಯ ಚೈನ್‌ಸಾ ಕೊಳ್ಳಲು ಹೊರಟಿದ್ದೆ.

ನಮ್ಮ ಮನೆಯವರು ಕೇಂದ್ರ ಸರ್ಕಾರದ ನೌಕರಿಯಲ್ಲಿ ಕಲಬುರಗಿಯಿಂದ ನಾಶಿಕಕ್ಕೆ ವರ್ಗವಾಗಿ ಬಂದವರು. ಹರಾಜಿನಲ್ಲಿ ಸಿಕ್ಕ ಹಳೆಯ ಜರ್ಮನ್ ಚೈನ್‌ಸಾ ಒಂದನ್ನು ಮೂವತ್ತು ವರ್ಷ ಸಾಕಿದರು. ಗಾಳಿಗೆ ಕಾಲೊನಿಯಲ್ಲಿ ಮರ ಬಿದ್ದರೆ ಜನ ಮೊದಲು ನಮ್ಮ ಬಾಗಿಲು ಬಡಿಯುತ್ತಿದ್ದರು. ನಾಲ್ಕು ವರ್ಷದಿಂದ ಅವರ ಕಿವಿ ಮಂದ. ಹಾಗಾಗಿ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಕಡಿಮೆ ಮಾಡುವ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುವವರು ಅವರು, ಸದ್ದು ಕೇಳಿ ‘ಸಾಕು’ ಎನ್ನುವವಳು ನಾನು.

ಕಾನ್ವೆಂಟಿನ ಕ್ವಾಯರಿನಲ್ಲಿ ಹಾಡಿದ ಕಿವಿ ನನ್ನದು. ಅದೇ ಎಡವಟ್ಟಾಯಿತು. ಹಳೆಯ ಚೈನ್‌ಸಾ ಬರಿಗಾಳಿಯಲ್ಲಿ ಜೋರಾಗಿ ಓಡುವಾಗ ಬಾಯಿ ಮುಕ್ಕಳಿಸಿದಂತೆ ತುಸು ಗೊರಗೊರ ಅನ್ನಬೇಕು. ಕಟ್ಟಿಗೆಗೆ ಇಳಿದ ಮೇಲೆ ದನಿ ತಿಳಿಯಾಗಬೇಕು. ನನಗೆ ಆ ಗೊರಗೊರ ಸಹಿಸಲಾಗಲಿಲ್ಲ. ಕಳೆದ ಮಳೆಗಾಲದಲ್ಲಿ ಕ್ಲೀನ್ ನೋಟ್ ಬರುವವರೆಗೂ ಸ್ಕ್ರೂ ಬಿಗಿಸಲು ಹೇಳಿ ಆಮೇಲೆ ‘ಸಾಕು’ ಎಂದೆ. ಎಣ್ಣೆ ಬೆರೆತ ಪೆಟ್ರೋಲು ಸಾಲದೆ ಎಂಜಿನ್ ಕಾದು, ಮೂರನೇ ಕೊಂಬೆಗೆ ಜಾಮ್ ಆಯಿತು. ಪಿಸ್ಟನ್ನು, ಸಿಲಿಂಡರು ಎರಡೂ ಗೀರುಬಿದ್ದು ಹಾಳು. ಅಂದಿನಿಂದ ಅವರು ಹಿತ್ತಲ ಶೆಡ್ಡಿಗೆ ಕಾಲಿಡಲಿಲ್ಲ, ಅಷ್ಟೇ. ಬೈದಿದ್ದರೆ ನನಗೆ ನೆಮ್ಮದಿಯಿರುತ್ತಿತ್ತು.

ಅದೇ ಮಾಡೆಲಿನದು ಸಂಭಾಜಿನಗರದ ಅಂಚಿನ ಚಿಕಲಠಾಣಾದಲ್ಲಿದೆ ಎಂದು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ಅದನ್ನು ತಂದು ಬಿಚ್ಚಿ, ಸಿಲಿಂಡರು ಪಿಸ್ಟನ್ನು ನಮ್ಮದಕ್ಕೆ ಕೂರಿಸುವುದು ನನ್ನ ಪ್ಲ್ಯಾನ್. ಮನೆಯವರಿಗೆ ಹೇಳಿದಾಗ “ನೋಡು” ಎಂದಿದ್ದರು.

ಯೇವಲಾದಲ್ಲಿ ಬಸ್ಸು ಹದಿನೈದು ನಿಮಿಷ ನಿಂತಿತು. ಸಾಬುದಾನಾ ವಡೆ ಬಿಸಿಯಾಗಿತ್ತು. ಅರ್ಧ ತಿಂದು ಬಿಟ್ಟೆ. ಈರುಳ್ಳಿ ತುಂಬಿದ ಟ್ರಾಕ್ಟರುಗಳ ಸಾಲು ದಾಟಲು ಇನ್ನಷ್ಟು ಹೊತ್ತು ಹೋಯಿತು. ಅಷ್ಟರಲ್ಲಿ ಮೂರು ಸಲ ಸೀಟು ಬದಲಿಸಿದ್ದೆ. “ಆಜಿ, ಬಸಾ ನಾ,” ಎಂದ ಕಂಡಕ್ಟರ್. ಕೂತೆ. ವೈಜಾಪುರದಲ್ಲಿ ಮತ್ತೆ ಎದ್ದೆ.

ಹನ್ನೊಂದೂವರೆಗೆ ಚಿಕಲಠಾಣಾದಲ್ಲಿ ರಿಕ್ಷಾ ಇಳಿದೆ, ಇನ್ನೂರು ರೂಪಾಯಿ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮಾರುವವರು ವೀರಭದ್ರಪ್ಪ, ಭಾಲ್ಕಿ ಕಡೆಯವರು, ಎಂಬತ್ತರ ಹತ್ತಿರ. ಕಟ್ಟಿಗೆ ವ್ಯಾಪಾರ ಮಾಡಿದವರು. ಈಗ ಭುಜ ಏಳದೆ ಸ್ಟಾರ್ಟಿಂಗ್ ಹಗ್ಗ ಎಳೆಯಲಾಗುತ್ತಿರಲಿಲ್ಲ. ನನ್ನ ಹಿಂದೆ ಇನ್ನಾರೋ ಇಳಿಯುತ್ತಾರೆಂದು ರಿಕ್ಷಾದತ್ತಲೇ ನೋಡುತ್ತಿದ್ದರು.

“ಸಾಹೇಬ್ರು ಬರ್ಲಿಲ್ಲೇನ್ರಿ?”

“ಅವರಿಗೆ ಕಿವಿ ಕೇಳಂಗಿಲ್ರಿ, ಅಣ್ಣಾರ. ಅವರ ಕಿವಿ ನಾನೇ.”

“ಹಂಗಾದ್ರ ಕೇಳ್ರಿ ಮತ್ತ,” ಎಂದು ನಕ್ಕರು.

ಅಂಗಳದಲ್ಲಿಟ್ಟಿದ್ದ ಚೈನ್‌ಸಾದ ಸೈಲೆನ್ಸರ್ ಮೊದಲು ಮುಟ್ಟಿದೆ. ತಣ್ಣಗಿತ್ತು. ಗಿರಾಕಿ ಬರುವ ಮುಂಚೆ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆಂದು ಅರ್ಥ. ಅವರ ಮಗಳು ಸುನೀತಾ, ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಅಂದು ರಜೆ ಹಾಕಿ ಮನೆಯಲ್ಲಿದ್ದಳು. ಅವಳೇ ಹಗ್ಗ ಎಳೆದಳು. ಮೂರನೇ ಎಳೆತಕ್ಕೆ ಎಂಜಿನ್ ಎದ್ದು ಸ್ವಚ್ಛವಾಗಿ, ಎತ್ತರದಲ್ಲಿ ಹಾಡಿತು. ತಂದೆ ಮಗಳು ಇಬ್ಬರ ಮುಖವೂ ಅರಳಿತು. ನನಗೆ ಕೇಳಿಸಿದ್ದು ಮಾತ್ರ ಅದೇ ಕ್ಲೀನ್ ನೋಟ್. ನೀಲಿ ಹೊಗೆಯಿಲ್ಲ, ಸುಟ್ಟ ಎಣ್ಣೆಯ ವಾಸನೆಯಿಲ್ಲ. ಕೈಚಾಚಿ ಸ್ವಿಚ್ ಆಫ್ ಮಾಡಿಬಿಟ್ಟೆ.

“ಚೊಲೋ ನಡೀತಿತ್ತಲ್ಲ ಮೌಶಿ, ಯಾಕ ಬಂದ್ ಮಾಡಿದ್ರಿ?” ಎಂದಳು ಸುನೀತಾ.

ಪೆಟ್ರೋಲು ಎಲ್ಲಿಯದೆಂದು ಕೇಳಿದೆ. ಬೆಳಿಗ್ಗೆ ತನ್ನ ಸ್ಕೂಟಿಯಿಂದ ತೆಗೆದು ಹಾಕಿದ್ದಳಂತೆ, ಬರೀ ಪೆಟ್ರೋಲು. ಎಣ್ಣೆ ಬೆರೆಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ವೀರಭದ್ರಪ್ಪ ಹಣೆ ಹಿಡಿದು ಕೂತರು. “ಹೇಳಿದ್ರ ತಾನ್ರಿ ಬಾಬಾ ಗೊತ್ತಾಗೂದು? ಮಲಾ ಕಾಯ್ ಮಾಹೀತ್, ನನಗೇನ್ ಗೊತ್ತು?” ಎಂದು ಅವಳು ಅವರ ಮೇಲೇ ತಿರುಗಿಬಿದ್ದಳು.

ಸೈಲೆನ್ಸರ್ ಬಿಚ್ಚಿ ಮೊಬೈಲಿನ ಬೆಳಕು ಹಾಕಿ ಇಣುಕಿದೆ. ಪಿಸ್ಟನ್ ಹೊಳೆಯುತ್ತಿತ್ತು, ಒಂದು ಗೀರೂ ಇಲ್ಲ. ಟ್ಯಾಂಕ್ ಬರಿದು ಮಾಡಿ, ಎಣ್ಣೆ ಬೆರೆಸಿ ತುಂಬಿ, ಸ್ಕ್ರೂ ಕಾಲು ಸುತ್ತು ಸಡಿಲಿಸಿದೆ. ಈ ಸಲ ಗೊರಗೊರ ಎಂದಿತು. ವೀರಭದ್ರಪ್ಪ ಕಣ್ಣು ಮುಚ್ಚಿ ಕೇಳಿದರು. ಒಣ ಬೇವಿನ ಕೊಂಬೆಗೆ ಇಳಿಸಿದೆ. ದನಿ ತಿಳಿಯಾಯಿತು, ಅವಲಕ್ಕಿಯಂಥ ಚಕ್ಕೆ ಹಾರಿದವು. ಬಹಳ ದಿನದ ಮೇಲೆ ಸಂತೋಷವಾಯಿತು, ಐ ಮಸ್ಟ್ ಸೇ.

ಆರು ಸಾವಿರಕ್ಕೆ ಮಾತಾಯಿತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಊಟದ ನಡುವೆ ವೀರಭದ್ರಪ್ಪ ಸುಮ್ಮನೆ ಕೇಳಿದರು, “ನಾಶಿಕದಾಗ ಇದಕ್ಕ ಕೆಲಸ ಭಾಳ ಅದ ಏನ್ರಿ?”

‘ಹೂಂ’ ಎಂದಿದ್ದರೆ ಮುಗಿಯುತ್ತಿತ್ತು. ಬಿಚ್ಚುವುದಕ್ಕೆ ಒಯ್ಯುತ್ತಿದ್ದೇನೆಂದು ಹೇಳಿಬಿಟ್ಟೆ, ಯಾಕೆಂಬುದನ್ನೂ. ಅವರು ತಟ್ಟೆ ಸರಿಸಿದರು.

“ನೀವೇ ಉಳಿಸಿದ್ರಿ, ನೀವೇ ಕೊಯ್ತೀರೇನ್ರಿ, ಅಕ್ಕಾರ?”

ಎದ್ದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದೆ. ಮನೆಗೆ ಫೋನ್ ಮಾಡಿ ಕೇಳೋಣವೆಂದರೆ ಅವರಿಗೆ ಕೇಳಿಸದು. ಕಡೆಗೆ ಒಳಬಂದು, “ಇದನ್ನ ಬಿಚ್ಚೂದಿಲ್ರಿ. ಬಿಚ್ಚಿದ್ರ ನಮ್ಮದೇ ಬಿಚ್ಚತೀವಿ,” ಎಂದೆ. ಅವರು ತಲೆಯಾಡಿಸಿ ತಟ್ಟೆ ಎಳೆದುಕೊಂಡರು. ಮನೆಯವರು ಮೂವತ್ತು ವರ್ಷ ಸಾಕಿದ್ದರ ಮೇಲೆ ಹಾಗೆ ಮಾತು ಕೊಡಲು ನಾನ್ಯಾರು? ಆದರೆ ಕೊಟ್ಟಾಗಿತ್ತು.

ಒಂದೂವರೆಯ ಬಸ್ಸು, ಕಾಲ ಬಳಿ ಚೀಲದಲ್ಲಿ ಚೈನ್‌ಸಾ. ಟ್ಯಾಂಕ್ ಖಾಲಿ ಮಾಡಿದ್ದರೂ ವಾಸನೆಗೆ ಪಕ್ಕದ ಹೆಂಗಸು ಎದ್ದು ಹೋದಳು. ಪ್ರತಿ ಸ್ಟಾಪಿನಲ್ಲೂ ಇಳಿದು ವಾಪಸ್ ಹೋಗಿ ಅದನ್ನು ಮರಳಿಸಿಬಿಡಲೇ ಅನಿಸಿತು. ಮನೆಯಲ್ಲಿ ಹೇಳಬೇಕಾದ ವಾಕ್ಯಗಳನ್ನು ಜೋಡಿಸುತ್ತಾ ಹೋದೆ. ಇಂಗ್ಲಿಷಿನಲ್ಲಿ ಕನ್ಫೆಷನ್ನಿನಂತೆ ಕೇಳಿಸಿತು, ಕನ್ನಡದಲ್ಲಿ ಕಳ್ಳತನದಂತೆ.

ಏಳಕ್ಕೆ ಮನೆ ಮುಟ್ಟಿದೆ. ನನ್ನ ತುಟಿ ಕಾಣುವಂತೆ ಮನೆಯವರ ಎದುರು ನಿಂತು ಎಲ್ಲ ಹೇಳಿದೆ. ಅವರು ಚೀಲ ಎತ್ತಿಕೊಂಡು ಶೆಡ್ಡಿಗೆ ನಡೆದರು. ಎಣ್ಣೆ ಬೆರೆಸಿ ತುಂಬಿದರು, ನಾನು ಹಗ್ಗ ಎಳೆದೆ. ಎರಡೂ ಕೈಯಿಂದ ಹಿಡಿಕೆ ಹಿಡಿದು ಅದರ ನಡುಕ ನೋಡಿದರು.

“ಒರಟ ಅದ,” ಎಂದರು.

“ಹಂಗೇ ಇರಬೇಕು.”

ಹೌದೆಂದು ಗೋಣು ಹಾಕಿ ಬಂದ್ ಮಾಡಿದರು. ಆಮೇಲೆ ನಮ್ಮ ಹಳೆಯದನ್ನು ಮೇಜಿನ ಮೇಲೆ ಎತ್ತಿಟ್ಟು, ಸ್ಕ್ರೂಡ್ರೈವರಿನ ಹಿಡಿಯನ್ನು ನನ್ನ ಕಡೆ ಚಾಚಿದರು. “ನೀ ಬಿಚ್ಚು. ಚೈನು, ಅದು ಓಡೂ ಬಾರಿನ ಪಟ್ಟಿ, ಎರಡೂ ಚೊಲೋ ಅವ. ನೀ ತಂದಿದ್ದಕ್ಕ ಆಗ್ತಾವ.”

ಬಿಚ್ಚಿದೆ. ನಾಲ್ಕು ಸ್ಕ್ರೂ ಸಲೀಸಾಗಿ ಬಂದವು. ಐದನೆಯದಕ್ಕೆ ಅವರೂ ನನ್ನ ಕೈ ಮೇಲೆ ಕೈಯಿಟ್ಟು ತಿರುಗಿಸಬೇಕಾಯಿತು.